ಕಿವಿಯೊಳಗಿನ ಸವತಿ

ನಮ್ಮಕ್ಕನಿಗೆ ಒಬ್ಬಳು ಸವತಿ ಇದ್ದಳು. ಅವಳನ್ನು ಅಕ್ಕ ನೋಡಿರಲಿಲ್ಲ, ನಾನು ನೋಡಿರಲಿಲ್ಲ, ಇಟ್ಟುಕೊಂಡಿದ್ದ ಭಾವ ಕೂಡ ನೋಡಿರಲಿಲ್ಲ. ಅವಳಿಗೆ ಮುಖ ಇರಲಿಲ್ಲ, ವಯಸ್ಸು ಇರಲಿಲ್ಲ, ಹಿಂದು ಮುಂದು ಇರಲಿಲ್ಲ. ಇದ್ದದ್ದು ಗಂಟಲು ಒಂದೇ. ಅದು ಭಾವನ ಎಡಗಿವಿಯಲ್ಲಿ ಬಿಡಾರ ಹೂಡಿತ್ತು. ಅಡುಗೆ ಮಾಡುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ಬರೀ ಮಾತು. ಇಂಥ ಸುಖದ ಸಂಸಾರ ಯಾವ ಹೆಂಗಸಿಗೆ ಸಿಕ್ಕೀತು ಎಂದು ಅಕ್ಕ ಕೇಳುತ್ತಿದ್ದಳು. ತಮಾಷೆಗೆ ಕೇಳುತ್ತಿರಲಿಲ್ಲ.

ಅಕ್ಕನದು ಹುಟ್ಟಾ ಹೊಟ್ಟೆಕಿಚ್ಚಿನ ಸ್ವಭಾವ. ತಂಗಿಯಾಗಿ ಹುಟ್ಟಿದ ತಪ್ಪಿಗೆ ಅದರ ಬಿಸಿ ಮೊದಲು ತಗುಲಿದ್ದು ನನಗೆ. ಅಮ್ಮ ನನ್ನ ತಲೆ ಬಾಚಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ, ಆಗಲೇ ಹೆಣೆದಿದ್ದ ತನ್ನ ಜಡೆ ಬಿಚ್ಚಿಕೊಂಡು ಬಂದು ಅಮ್ಮನ ಮುಂದೆ ಮತ್ತೆ ಕೂರುತ್ತಿದ್ದಳು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಅವಳಿಗೆ ಕಾಲುನೋವು ಬರುತ್ತಿತ್ತು. ನಾನು ಹೊಲಿಗೆ ಕಲಿಯಲು ಸೇರಿದೆನೆಂದು ತಾನೂ ಸೇರಿದಳು. ನಾನಿನ್ನೂ ಅಂಗಿಗೆ ಕಾಲರು ಕೂರಿಸಲು ಒದ್ದಾಡುತ್ತಿದ್ದಾಗ ಅವಳು ಕೋಟು ಹೊಲಿದು ಮುಗಿಸಿದ್ದಳು. ಅದರ ಫಲವಾಗಿ ಅವಳು ಇವತ್ತು ಅಂಗಡಿಯ ಯಜಮಾನಿ, ನಾನು ಕಾಜಾ ಹೊಲಿದು ಗುಂಡಿ ಹಚ್ಚುವವಳು. ನನ್ನ ಗಂಡ ಬೇರೆ ಊರಲ್ಲಿ ಕೆಲಸ ಸಿಕ್ಕಿತೆಂದು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಾಗ, ನನ್ನನ್ನು ಕರೆದು ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಟ್ಟವಳೂ ಅವಳೇ. ಹಾಗಾಗಿ ಅವಳನ್ನು ಆಡಿಕೊಳ್ಳುವ ಹಕ್ಕು ನನಗೊಬ್ಬಳಿಗೇ ಇದೆ. ಬೇರೆಯವರು ಆಡಿಕೊಂಡರೆ ನಾನು ಸುಮ್ಮನಿರುವವಳಲ್ಲ.

ನಮ್ಮ ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ ಇದೆ. ಬೀದಿಯ ಕಡೆಗೆ ಗಾಜಿನ ಕಪಾಟು, ಅದರಾಚೆ ಒಂದು ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ಇನ್ನೂ ಒಳಗೆ ಹೋದರೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಅದು ಭಾವನ ಜಾಗ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಹಲಗೆ, ಮಹಡಿಯ ಮನೆಗೆ ಹತ್ತುವ ಕಡಿದಾದ ಮೆಟ್ಟಿಲು. ಭಾವನಂಥ ಕಟಿಂಗ್ ಮಾಸ್ತರು ಸುತ್ತಮುತ್ತ ಇರಲಿಲ್ಲ. ಮದುವೆಯಾದ ವಾರದಲ್ಲೇ ಅಕ್ಕ ಒಂದು ಕಾಯಿದೆ ಮಾಡಿದಳು: ಹೆಂಗಸರ ಅಳತೆ ತಾನೇ ತೆಗೆಯುವುದು, ಭಾವ ಪರದೆಯ ಹತ್ತಿರವೂ ಸುಳಿಯಬಾರದು. ಸ್ವಲ್ಪ ದಿನಕ್ಕೆ ಗಂಡಸರ ಅಳತೆಯೂ ಅವಳದೇ ಆಯಿತು, ಏಕೆಂದರೆ ಗಂಡಸರ ಜೊತೆಗೆ ಅವರ ಹೆಂಡತಿಯರು ಬರುತ್ತಾರಲ್ಲ. ಅವಳು ಪರದೆಯ ಹಿಂದೆ ಟೇಪು ಹಿಡಿದು ಎದೆ ಇಷ್ಟು, ಭುಜ ಇಷ್ಟು, ತೋಳು ಇಷ್ಟು ಎಂದು ಕೂಗುವುದು; ಭಾವ ಕೇಳಿಸಿಕೊಂಡು ನೇರ ಬಟ್ಟೆಯ ಮೇಲೇ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಹೀಗೆ ನಮ್ಮ ಅಂಗಡಿ ನಡೆಯುತ್ತಿದ್ದದ್ದು ಅಕ್ಕನ ಬಾಯಿ ಮತ್ತು ಭಾವನ ಕಿವಿಯ ಮೇಲೆ.

ಮದುವೆಯಾಗಿ ಮೂರನೇ ವರ್ಷ ಭಾವನಿಗೆ ಕಾಯಿಲೆ ಬಂತು. ನಿದ್ದೆ ಹೋಯಿತು. ಕನ್ನಡಿಗೆ ಬಟ್ಟೆ ಹೊದಿಸಿದರು. ಗಿರಾಕಿಗಳು ಗುಂಡಿಗಳ ಮೂಲಕ ತಮ್ಮ ಮನಸ್ಸನ್ನು ಓದುತ್ತಿದ್ದಾರೆ ಎಂದು ನಾನು ಹಚ್ಚಿದ್ದ ಗುಂಡಿಗಳನ್ನೆಲ್ಲ ಕಿತ್ತುಹಾಕಿದರು. ಕಿವಿಯಲ್ಲಿ ಒಂದು ಗುಂಪೇ ಗದ್ದಲ ಮಾಡುತ್ತಿತ್ತಂತೆ. ಆಸ್ಪತ್ರೆಯಲ್ಲಿ ಅದಕ್ಕೆ ಸ್ಕಿಜೋಫ್ರೀನಿಯಾ ಎಂದು ಹೆಸರು ಹೇಳಿ, ಒಳಗೆ ಇಟ್ಟುಕೊಂಡು ಮಾತ್ರೆ ಶುರು ಮಾಡಿದರು. ಅನುಮಾನ ಹೋಯಿತು, ನಿದ್ದೆ ಬಂತು, ಕತ್ತರಿ ನಿಧಾನವಾಗಿ ಕೈಯ ಹಿಡಿತಕ್ಕೆ ಬಂತು. ಗುಂಪೂ ಚದುರಿತು. ಒಬ್ಬಳು ಮಾತ್ರ ಉಳಿದುಕೊಂಡಳು. ಮಾತ್ರೆ ಬದಲಾಯಿಸಿದರು, ಪ್ರಮಾಣ ಏರಿಸಿದರು, ಅವಳು ಜಪ್ಪಯ್ಯ ಎನ್ನಲಿಲ್ಲ. ಕೆಲವರಿಗೆ ಹೀಗೆ ಒಂದು ಧ್ವನಿ ಉಳಿದುಬಿಡುತ್ತೆ, ಅದರ ಜೊತೆಗೇ ಬದುಕೋದನ್ನು ಕಲಿತುಕೊಳ್ಳಬೇಕು ಎಂದರು. ಭಾವ ಕಲಿತರು. ಅಕ್ಕ ಕಲಿಯಲಿಲ್ಲ.

ಅಕ್ಕನನ್ನು ಸುಡುತ್ತಿದ್ದದ್ದು ಅವಳು ಇದ್ದಾಳೆ ಎನ್ನುವುದಲ್ಲ, ಭಾವ ಅವಳ ಜೊತೆ ಮಾತಾಡುತ್ತಿದ್ದ ರೀತಿ. ಮೊದಲೇ ಮಿತಭಾಷಿ. ಅಕ್ಕ ಹತ್ತು ಮಾತಾಡಿದರೆ ಒಂದು "ಹ್ಞೂಂ" ಸಿಕ್ಕರೆ ಪುಣ್ಯ. ಅದೇ ಮೇಜಿನ ಮುಂದೆ ನಿಂತು, ತಲೆಯನ್ನು ಎಡಕ್ಕೆ ಕೊಂಚ ವಾಲಿಸಿ, ತುಟಿ ಅಲ್ಲಾಡಿಸುತ್ತ ಅವಳ ಜೊತೆ ಗಂಟೆಗಟ್ಟಲೆ ಪಿಸುಗುಡುತ್ತಿದ್ದರು. ಹೊಲಿಗೆ ಯಂತ್ರದ ಸದ್ದಿನಲ್ಲಿ ಮಾತು ನಮಗೆ ತಿಳಿಯುತ್ತಿರಲಿಲ್ಲ. ಧ್ವನಿ ಮಾತ್ರ ತಿಳಿಯುತ್ತಿತ್ತು. ಮಗುವನ್ನು ಸಮಾಧಾನ ಮಾಡುವಷ್ಟು ಮೆತ್ತಗಿನ ಧ್ವನಿ. ಆ ಧ್ವನಿಯಲ್ಲಿ ಜೀವಮಾನದಲ್ಲಿ ಒಮ್ಮೆ ತನ್ನ ಜೊತೆ ಮಾತಾಡಿದರೆ ಸಾಕು ಎಂದು ಅಕ್ಕ ನನ್ನೆದುರು ಅತ್ತಿದ್ದಾಳೆ. ಭಾವನೆದುರು ಅಳುತ್ತಿರಲಿಲ್ಲ, ವಿಚಾರಣೆ ಮಾಡುತ್ತಿದ್ದಳು.

"ಏನಂತಾಳೆ?"

"ಏನಿಲ್ಲ."

"ಏನಿಲ್ಲದ್ದನ್ನ ಬೆಳಗಿಂದ ಹೇಳ್ತಿದಾಳಾ? ವಯಸ್ಸೆಷ್ಟು ಅವಳಿಗೆ?"

"ದನಿಗೆ ವಯಸ್ಸೆಲ್ಲಿ ಇರುತ್ತೆ ಕಣೇ."

"ನನಗಿಂತ ಚಿಕ್ಕೋಳು ತಾನೇ?"

"ಇರಬಹುದು," ಎಂದುಬಿಟ್ಟರು ಒಂದು ದಿನ ಪಾಪದ ಮನುಷ್ಯ. ಅವತ್ತು ಮನೆಯಲ್ಲಿ ಯಾರಿಗೂ ಚಹಾ ಸಿಗಲಿಲ್ಲ.

"ಅದು ಕಾಯಿಲೆ ಅಕ್ಕ," ಎಂದೆ ನಾನು. "ಜ್ವರ ಬಂದ ಹಾಗೆ. ಜ್ವರದ ಮೇಲೆ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರಾ?"

"ಜ್ವರ ಹೆಂಗಸಿನ ದನೀಲಿ ಮಾತಾಡುತ್ತಾ?" ಎಂದಳು.

ಹೀಗೇ ವರ್ಷಗಳು ಉರುಳಿದವು. ಉರಿ ಉರಿಯುತ್ತಲೇ ಇತ್ತು, ಮನೆ ನಡೆಯುತ್ತಲೇ ಇತ್ತು. ಕಟ್ಟೆ ಒಡೆದದ್ದು ಹೆಡ್‌ಮಿಸ್ಸಿನ ಕೋಟಿನ ದೆಸೆಯಿಂದ. ಹತ್ತಿರದ ಶಾಲೆಯ ಹೆಡ್‌ಮಿಸ್ಸು ಉದ್ದನೆಯ ಹೆಂಗಸು, ಬೂದುಬಣ್ಣದ ಒಳ್ಳೆಯ ಉಣ್ಣೆ ಬಟ್ಟೆ ತಂದಿದ್ದರು. ಅಕ್ಕ ಪರದೆಯ ಹಿಂದಿನಿಂದ "ತೋಳು ಇಪ್ಪತ್ತಮೂರು" ಎಂದು ಕೂಗಿದ್ದನ್ನು ನನ್ನ ಎರಡೂ ಕಿವಿಯಲ್ಲಿ ಕೇಳಿದ್ದೇನೆ. ಅಳತೆ ನೋಡಲು ಅವರು ಬಂದು ಕೋಟು ಹಾಕಿಕೊಂಡರೆ, ತೋಳು ಮಣಿಕಟ್ಟಿಗಿಂತ ಎಷ್ಟೋ ಮೇಲೆ ನಿಂತುಬಿಟ್ಟಿತು.

"ನಾನೇ ಬೆಳೆದುಬಿಟ್ಟೆನೇನೋ," ಎಂದರು ಹೆಡ್‌ಮಿಸ್ಸು ಕನ್ನಡಿ ನೋಡಿಕೊಳ್ಳುತ್ತ. ಒಳ್ಳೆಯವರು.

ಅವರು ಹೋದ ಮೇಲೆ ಅಕ್ಕ ಕೋಟನ್ನು ಮೇಜಿನ ಮೇಲೆ ಎಸೆದಳು. "ಇಪ್ಪತ್ತಮೂರು ಅಂದೆ ನಾನು."

ಭಾವ ಟೇಪು ಹಿಡಿದು ನೋಡಿದರು. "ಇಪ್ಪತ್ತು ಅಂದ ಹಾಗೆ ಕೇಳಿಸ್ತು."

"ಇಪ್ಪತ್ತು ಅಂದೋರು ಯಾರು?"

ಭಾವ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ಅದೇ ಉತ್ತರವಾಯಿತು. ಅಲ್ಲಿಯವರೆಗೆ ಸವತಿ ಮಾತಿನಲ್ಲಿ ಮಾತ್ರ ಪಾಲು ಕೇಳುತ್ತಿದ್ದವಳು, ಈಗ ಅಳತೆಗೂ ಬಾಯಿ ಹಾಕಿದ್ದಳು. ಅಕ್ಕ ಒಂದು ಅಳತೆ ಹೇಳಿದಾಗ ಅವಳು ಇನ್ನೊಂದು ಹೇಳಿದ್ದಳು, ಭಾವ ಅವಳದನ್ನು ಹಿಡಿದು ಕತ್ತರಿ ಆಡಿಸಿದ್ದರು. ಇದಕ್ಕಿಂತ ದೊಡ್ಡ ಅವಮಾನ ನಮ್ಮ ಕಸುಬಿನಲ್ಲಿ ಇಲ್ಲ. ಮಾರನೇ ದಿನವೇ ಅಕ್ಕ ಅಂಗಡಿಗೆ ಬೀಗ ಜಡಿದು, ಗಂಡನನ್ನೂ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ಕಾಯಿಲೆ ತೋರಿಸುವುದಕ್ಕೆ ಹೋದ ಹಾಗಿರಲಿಲ್ಲ, ಮನೆಯೊಳಗೆ ಸೇರಿಕೊಂಡವಳನ್ನು ಹೊರಹಾಕಿಸಲು ದೂರು ಕೊಡುವುದಕ್ಕೆ ಹೋದ ಹಾಗಿತ್ತು.

ಡಾಕ್ಟರಮ್ಮ ತಾಳ್ಮೆಯವರು. ಎಲ್ಲ ಕೇಳಿಸಿಕೊಂಡು, ಮಾತ್ರೆ ತಪ್ಪಿಸಿಲ್ಲ ತಾನೇ ಎಂದು ವಿಚಾರಿಸಿ, ಆಮೇಲೆ ಹೇಳಿದರು: "ಎಡಗಿವಿಯಿಂದ ಸ್ವಲ್ಪ ಮೇಲೆ, ಹಿಂದಕ್ಕೆ, ಮಿದುಳಲ್ಲಿ ಮಾತು ಕೇಳಿಸಿಕೊಳ್ಳೋ ಭಾಗ ಇದೆ. ಹೊರಗೆ ಯಾರೂ ಮಾತಾಡದಿದ್ದರೂ ಇವರಿಗೆ ಅದು ತಾನಾಗೇ ಕೆಲಸ ಮಾಡ್ತಿದೆ. ಅಲ್ಲಿಗೆ ತಲೆಯ ಹೊರಗಿಂದ ಆಯಸ್ಕಾಂತದ ಮಿಡಿತ ಕೊಟ್ಟು, ಅದನ್ನ ಸ್ವಲ್ಪ ತಣ್ಣಗೆ ಮಾಡೋಕೆ ನೋಡಬಹುದು. ಕೊಯ್ಯೋದಿಲ್ಲ, ಎಚ್ಚರ ತಪ್ಪಿಸೋದಿಲ್ಲ. ಕೆಲವು ವಾರ ದಿನಾ ಬಂದು ಕೂರಬೇಕು."

"ಅವಳು ಹೋಗ್ತಾಳಾ ಡಾಕ್ಟ್ರೇ?" ಎಂದಳು ಅಕ್ಕ.

"ಯಾರು?"

"ಅವಳು."

ಡಾಕ್ಟರಮ್ಮ ನಗಲಿಲ್ಲ, ಅದಕ್ಕೇ ನನಗೆ ಅವರು ಇಷ್ಟವಾದರು. "ಸುಳ್ಳು ಭರವಸೆ ಕೊಡಲ್ಲಮ್ಮ. ಕೆಲವರಿಗೆ ದನಿ ಕಡಿಮೆ ಆಗುತ್ತೆ, ಕೆಲವರಿಗೆ ಏನೂ ಆಗಲ್ಲ. ಕಡಿಮೆ ಆದದ್ದು ಕೆಲವು ತಿಂಗಳಾದ ಮೇಲೆ ಮತ್ತೆ ಬರಲೂಬಹುದು. ಮಾತ್ರೆಯನ್ನಂತೂ ಬಿಡೋ ಹಾಗೇ ಇಲ್ಲ." ಆಮೇಲೆ ಭಾವನ ಕಡೆಗೆ ತಿರುಗಿ, "ನಿಮಗೆ ಇಷ್ಟ ಇದೆಯಾ?" ಎಂದರು. ಭಾವ ಅಕ್ಕನ ಮುಖ ನೋಡಿ ಹ್ಞೂಂ ಎಂದರು. "ಅವರನ್ನ ನೋಡಬೇಡಿ, ನಿಮ್ಮನ್ನ ಕೇಳಿದ್ದು," ಎಂದರು ಡಾಕ್ಟರಮ್ಮ. "ಇಷ್ಟ ಇದೆ," ಎಂದರು ಭಾವ. ಅವರ ಬಾಯಿಂದ ಅಷ್ಟು ಸ್ಪಷ್ಟವಾದ ಮಾತು ನಾನು ಕೇಳಿ ಬಹಳ ದಿನವಾಗಿತ್ತು.

ಯಂತ್ರದ ಕೋಣೆಯಲ್ಲಿ ಇದ್ದ ಟೆಕ್ನಿಷಿಯನ್ ದುಂಡಗೆ, ಬೆಳ್ಳಗೆ, ನಗುಮುಖದ ಹೆಂಗಸು. ಅಲ್ಲಿಗೆ ಅಕ್ಕನಿಗೆ ಹೊಸ ಉರಿ ಹತ್ತಿತು. ಮೈಮೇಲೆ ಲೋಹದ ಚೂರು ಇರಬಾರದು ಎಂದು ಆಕೆ ಭಾವನ ಕಾಲರಿನಿಂದ, ಜೇಬಿನಿಂದ, ತೋಳಿನ ಮಡಿಕೆಯಿಂದ ಗುಂಡುಸೂಜಿ ಕಿತ್ತದ್ದೇ ಕಿತ್ತದ್ದು, ಒಂದು ಬಟ್ಟಲು ತುಂಬಿತು. ದರ್ಜಿಯ ಮೈಯಲ್ಲಿ ಸೂಜಿ ಇಲ್ಲದೆ ಇನ್ನೇನು ಇರುತ್ತದೆ. ಅದಾದ ಮೇಲೆ ತಲೆಗೆ ಬಿಗಿಯಾದ ಬಟ್ಟೆಯ ಟೋಪಿ ಹಾಕಿ, ಟೇಪು ತೆಗೆದು, ಮೂಗಿನ ಬುಡದಿಂದ ಹಿಂದಲೆಯವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ ಅಳೆದು, ಲೆಕ್ಕ ಹಾಕಿ, ಎಡಗಿವಿಯ ಮೇಲ್ಗಡೆ ಒಂದು ಗುರುತು ಮಾಡಿದಳು.

"ಊರಿನೋರ ಅಳತೆಯೆಲ್ಲ ನನ್ನ ಕೈಲಿದೆ," ಎಂದು ಅಕ್ಕ ನನ್ನ ಕಿವಿಯಲ್ಲಿ ಹಲ್ಲು ಕಡಿದಳು. "ನನ್ನ ಗಂಡನ ತಲೆ ಅಳತೆ ತೆಗೆಯೋಕೆ ಇವಳು ಬಂದಳು ನೋಡು."

ಎಂಟರ ಆಕಾರದ, ಪಾತ್ರೆಯ ಮುಚ್ಚಳದಷ್ಟು ಅಗಲದ ಒಂದು ತಂತಿಸುರುಳಿಯನ್ನು ಆ ಗುರುತಿನ ಮೇಲೆ ಒತ್ತಿಟ್ಟು ಯಂತ್ರ ಶುರು ಮಾಡಿದರು. ಟಕ್, ಟಕ್, ಟಕ್, ಒಂದೇ ಸಮ. ಕಿವಿಗೆ ಬಿರಡೆ ಹಾಕಿಸಿಕೊಂಡು ಭಾವ ಸುಮ್ಮನೆ ಕೂತಿದ್ದರು, ದವಡೆಯ ಹತ್ತಿರ ಚರ್ಮ ಮಾತ್ರ ಚೂರು ಚೂರು ಅದುರುತ್ತಿತ್ತು. ಮುಗಿದ ಮೇಲೆ ಸ್ವಲ್ಪ ತಲೆನೋವು ಎಂದರು. "ಅವಳಿಗೂ ನೋವಾಗಿರಬೇಕು," ಎಂದಳು ಅಕ್ಕ, ತೃಪ್ತಿಯಿಂದ.

ಮೊದಲ ಭಾನುವಾರ ಆಸ್ಪತ್ರೆಗೆ ರಜೆ. ಬಿಳಿ ದಾರದ ಉಂಡೆ ಕೇಳಲೆಂದು ಮಧ್ಯಾಹ್ನ ನಾನು ಮಹಡಿ ಹತ್ತಿದರೆ ಏನು ನೋಡುವುದು! ಭಾವ ಊಟ ಮಾಡಿ ಮಲಗಿದ್ದಾರೆ. ಅಕ್ಕ ಅವರ ತಲೆಯ ಹತ್ತಿರ ಮಂಡಿಯೂರಿ ಕೂತು, ಟೇಪಿನಲ್ಲಿ ಅಳೆದು, ಕೂದಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನೆಲದಲ್ಲಿ ಬಿದ್ದ ಸೂಜಿ ಎತ್ತಲು ಅಂಗಡಿಯಲ್ಲಿ ಇಟ್ಟಿದ್ದ ಆಯಸ್ಕಾಂತವನ್ನು ಆ ಗುರುತಿಗೆ ಹಿಡಿದಿದ್ದಾಳೆ. ಅದು ಸಾಲದು ಎಂದು ಬಾಯಲ್ಲೇ "ಟಕ್, ಟಕ್, ಟಕ್" ಎನ್ನುತ್ತಿದ್ದಾಳೆ.

"ಏನೇ ಇದು?" ಎಂದೆ.

"ಭಾನುವಾರ ಅಂತ ಅವಳು ರಜೆ ತಗೋತಾಳಾ? ನೀನು ಸುಮ್ನಿರು, ಲೆಕ್ಕ ತಪ್ಪುತ್ತೆ."

ಆಯಸ್ಕಾಂತಕ್ಕೆ ಒಂದು ಸೂಜಿ ಅಂಟಿಕೊಂಡೇ ಇತ್ತು. ಅದು ಚುಚ್ಚಿ ಭಾವ ಕಣ್ಣು ಬಿಟ್ಟರು. ಕಣ್ಣೆದುರಿಗೆ ಹೆಂಡತಿ, ಆಯಸ್ಕಾಂತ, ಟೇಪು. ಒಂದು ಗಳಿಗೆ ನೋಡಿ, "ಆಸ್ಪತ್ರೆ ಮೆಷಿನ್ ಕೆಟ್ಟಿದೆಯಾ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಭಾವನೂ ನಕ್ಕರು, ಹೊಟ್ಟೆ ಹಿಡಿದುಕೊಂಡು. ಅಕ್ಕ ಮುಖ ಊದಿಸಿಕೊಂಡು ಕೆಳಗಿಳಿದು ಹೋದಳು. ತನ್ನನ್ನು ನೋಡಿ ನಕ್ಕರು ಎನ್ನುವುದಕ್ಕಿಂತ, ನಗುವುದಕ್ಕೆ ಮುಂಚೆ ಭಾವ ಎಡಕ್ಕೆ ತಿರುಗಿ ಕಿವಿಯೊಳಗಿನವಳಿಗೂ ಏನೋ ಹೇಳಿದರು ಎನ್ನುವುದು ಅಕ್ಕನ ಸಂಕಟ.

ಎರಡನೇ ವಾರದ ಕೊನೆಗೆ ಬದಲಾವಣೆ ಕಾಣಿಸಿತು. ಭಾವ ಪಿಸುಗುಟ್ಟುವುದು ಕಡಿಮೆಯಾಯಿತು. ಚಿಕಿತ್ಸೆಯ ಕೊನೆಯ ದಿನ ಡಾಕ್ಟರಮ್ಮ ಕೇಳಿದಾಗ, "ಮುಂಚೆ ಕಿವಿಯೊಳಗೇ ಕೂತಿದ್ದಳು. ಈಗ ಪಕ್ಕದ ಬೀದಿಯಿಂದ ಯಾರೋ ಯಾರನ್ನೋ ಕೂಗಿದ ಹಾಗಿದೆ. ಮಾತು ಸರಿಯಾಗಿ ತಿಳಿಯಲ್ಲ. ಕೆಲವು ದಿನ ಅದೂ ಇಲ್ಲ," ಎಂದರು. ಡಾಕ್ಟರಮ್ಮನಿಗೆ ಖುಷಿಯಾಯಿತು, ನನಗೂ ಆಯಿತು.

"ಪಕ್ಕದ ಬೀದಿ ಅಂದ್ರೆ ದೂರವೇನಲ್ಲ," ಎಂದಳು ಅಕ್ಕ.

ಈಗ ಅಕ್ಕ ಕೂಗಿದ ಅಳತೆಯೇ ಬಟ್ಟೆಯ ಮೇಲೆ ಬರುತ್ತಿತ್ತು. ಹೆಡ್‌ಮಿಸ್ಸಿಗೆ ಬೇರೆ ಬಟ್ಟೆ ತಂದು ಹೊಸ ಕೋಟು ಕತ್ತರಿಸಿದರು, ತೋಳು ಎಳ್ಳಷ್ಟೂ ಆಚೀಚೆ ಇಲ್ಲ. ಆದರೆ ಭಾವನ ಮಾತು ಪೂರ್ತಿ ನಿಂತುಹೋಯಿತು. ಅವಳ ಜೊತೆಗೂ ಇಲ್ಲ, ನಮ್ಮ ಜೊತೆಗೂ ಇಲ್ಲ. ಕೆಲಸದ ನಡುವೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು.

"ಅವಳಿಗೆ ಕಾಯ್ತಿದಾರೆ ಕಣೇ," ಎಂದಳು ಅಕ್ಕ ನನ್ನ ಹತ್ತಿರ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. "ಇದ್ದಾಗ ಬೈಯ್ಯೋಕಾದ್ರೂ ಆಗ್ತಿತ್ತು. ಹೋದೋಳ ಜೊತೆ ಹೇಗೆ ಜಗಳ ಆಡಲಿ? ಹೋದೋರು ದಿನದಿಂದ ದಿನಕ್ಕೆ ಚೆಂದ ಆಗ್ತಾರೆ."

ನಾನು ಏನೋ ಸಮಾಧಾನ ಹೇಳಿದೆ, ನನಗೇ ಅದು ಒಪ್ಪಿಗೆಯಾಗಲಿಲ್ಲ.

ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತು. ಷಟರು ಅರ್ಧ ಎಳೆದಿತ್ತು. ನಾನು ಹೆಡ್‌ಮಿಸ್ಸಿನ ಕೋಟಿಗೆ ಕಾಜಾ ಹೊಲಿಯುತ್ತಿದ್ದೆ. ಭಾವ ಮೇಜಿನ ಮುಂದೆ ಮತ್ತೆ ಹಾಗೇ ನಿಂತಿದ್ದರು. ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ.

"ಅಷ್ಟೊಂದು ನೆನಪಾಗ್ತಾಳಾ ಅವಳು? ಬೇಕಿದ್ರೆ ಹೇಳಿ, ಡಾಕ್ಟರ ಹತ್ರ ಹೋಗಿ ವಾಪಸ್ ಕೊಡಿ ಅಂತ ಕೇಳ್ತೀನಿ."

ಭಾವ ನಿಧಾನಕ್ಕೆ ತಿರುಗಿದರು. "ಅವಳನ್ನ ಯಾಕೆ ನೆನೆಸಿಕೊಳ್ಳಲಿ? ಹೋಗ್ತಾಳೆ, ಹೋಗ್ತಾಳೆ ಅಂತ ಪ್ರಾಣ ತಿಂದೋಳು."

"ಯಾರು ಹೋಗ್ತಾಳೆ ಅಂತ?"

"ನೀನು." ಭಾವ ಮೇಜಿನ ಅಂಚು ಹಿಡಿದುಕೊಂಡರು. "ಅದೇ ಅವಳ ಮಾತು. ನಿನ್ನ ಹೆಂಡತಿಗೆ ನೀನು ಸಾಕಾಗಿದೀಯ, ಇವತ್ತು ಬಿಟ್ಟುಹೋಗ್ತಾಳೆ, ನಾಳೆ ಬಿಟ್ಟುಹೋಗ್ತಾಳೆ, ನೀನು ಯಾವ ಕೆಲಸಕ್ಕೂ ಬಾರದೋನು ಅಂತ. ಇನ್ನೂ ಕೆಟ್ಟದ್ದು ಏನೇನೋ ಹೇಳ್ತಿದ್ಲು, ಅದನ್ನೆಲ್ಲ ಡಾಕ್ಟರಿಗೆ ಹೇಳಿದೀನಿ."

ನನ್ನ ಕೈಯ ಸೂಜಿ ನಿಂತಿತು. ಅಕ್ಕ ಟೇಪನ್ನು ಕೈಗೆ ಸುತ್ತಿಕೊಂಡು ಬಿಚ್ಚಿದಳು. "ಮತ್ತೆ ಅಷ್ಟು ಮೆತ್ತಗೆ ಮಾತಾಡ್ತಿದ್ರಲ್ಲ ಅವಳ ಜೊತೆ?" ಎಂದಳು.

"ಜೋರಾಗಿ ಮಾತಾಡಿದ್ರೆ ನಿನಗೆ ಕೇಳಿಸ್ತಿತ್ತು. ಬಿಟ್ಟುಹೋಗೋ ಯೋಚನೆ ನಿನ್ನ ತಲೇಲಿ ಇಲ್ಲದೆ ಇದ್ರೆ, ನಾನೇ ಯಾಕೆ ಹಾಕಬೇಕು ಅಂತ."

"ನೀವೇನಂತಿದ್ರಿ ಅವಳಿಗೆ?"

"ಹೋಗಲ್ಲ ಅಂತಿದ್ದೆ. ನನಗಿಂತ ಮುಂಚೆ ಎದ್ದು ನನ್ನ ಕತ್ತರಿ ಒರೆಸಿಡೋಳು ಯಾಕೆ ಹೋಗ್ತಾಳೆ ಅಂತಿದ್ದೆ. ಮೈ ಸುಡೋ ಜ್ವರ ಇದ್ರೂ ಅವಳ ಅಳತೆ ತಪ್ಪಲ್ಲ ಅಂತಿದ್ದೆ. ನಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೋತಾಳೆ, ಇಟ್ಕೋಬಾರದು, ಅವಳ ನಗು ಚೆನ್ನಾಗಿರುತ್ತೆ ಅಂತ…" ಭಾವ ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿ ನಾಚಿಕೊಂಡರು.

ಅಕ್ಕ ಅಳುತ್ತಾಳೆ ಎಂದುಕೊಂಡೆ. ಭಾವನೆದುರು ನಮ್ಮಕ್ಕ ಅಳುವವಳಾ? ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನ್ನ ಬಗ್ಗೆ ಇದ್ದ ಒಳ್ಳೆ ಮಾತೆಲ್ಲ ತಗೊಂಡು ಹೋಗಿ ಅವಳಿಗೆ ಕೊಟ್ರಾ? ಇಷ್ಟು ವರ್ಷ? ನನಗೇ ಅಂತ ಒಂದಾದ್ರೂ ಉಳಿಸಬಾರದಿತ್ತಾ?"

"ಕೇಳ್ತಿದ್ದೋಳು ಅವಳು," ಎಂದರು ಭಾವ. "ಅವಳೇನಂತಾಳೆ, ಅವಳೇನಂತಾಳೆ ಅಂತ ನೀನು ದಿನಾ ಕೇಳ್ತಿದ್ದೆ. ನೀವೇನಂತೀರಿ ಅಂತ ಇವತ್ತೇ ಕಣೇ ಕೇಳಿದ್ದು."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಸರಿ," ಎಂದಳು ಅಕ್ಕ. "ಈಗ ಕೇಳ್ತಿದೀನಿ. ಹೇಳಿ."

ಭಾವ ಸೀಮೆಸುಣ್ಣವನ್ನು ಬೆರಳ ನಡುವೆ ತಿರುಗಿಸಿದರು. "ಎದುರಿಗೆ ಹೇಳಿ ಅಭ್ಯಾಸ ಇಲ್ಲ ಕಣೇ."

"ನನಗೂ ಕೇಳಿ ಅಭ್ಯಾಸ ಇಲ್ಲ. ಶುರು ಮಾಡಿ."

ಭಾವ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಆ ಮೆತ್ತಗಿನ ಧ್ವನಿಯಲ್ಲಿ ಏನೋ ಹೇಳತೊಡಗಿದರು. ಯಂತ್ರಗಳು ನಿಂತಿದ್ದರಿಂದ ಎಲ್ಲ ಕೇಳಿಸುವಂತಿತ್ತು. ನಾನು ಕೋಟು ಎತ್ತಿಕೊಂಡು, ಷಟರಿನ ಕೆಳಗೆ ಬಗ್ಗಿ, ಹೊರಗಿನ ಕಟ್ಟೆಯ ಮೇಲೆ ಬಂದು ಕೂತೆ.

ಬುದ್ಧಿ ಬಂದಾಗಿನಿಂದ ಅಕ್ಕನ ಹೊಟ್ಟೆಕಿಚ್ಚು ನೋಡಿ ನಗುತ್ತ ಬಂದವಳು ನಾನು. ಅವತ್ತು ಉರಿದದ್ದು ನನ್ನ ಹೊಟ್ಟೆ, ಸುಳ್ಳು ಯಾಕೆ ಹೇಳಲಿ. ನನ್ನ ಗಂಡ ನನ್ನನ್ನು ಬಿಟ್ಟುಹೋಗಲು ಯಾರ ಪಿಸುಮಾತೂ ಬೇಕಾಗಿರಲಿಲ್ಲ. ಇಲ್ಲಿ ಒಬ್ಬ ಮನುಷ್ಯ, ತನ್ನ ತಲೆಯೊಳಗೇ ಕೂತು ಹಗಲೆಲ್ಲ ಹಂಗಿಸುವವಳ ಎದುರು, ಗೆಲ್ಲುವ ಭರವಸೆ ಇಲ್ಲದೆ, ವರ್ಷಗಟ್ಟಲೆ ನಮ್ಮಕ್ಕನ ಪರ ವಾದ ಮಾಡಿದ್ದರು. ಒಳಗೆ ಅಕ್ಕ ಜೋರಾಗಿ ನಗುವುದು ಕೇಳಿಸಿತು. ನನಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ.